ದಿಮ್ಮಿ ತೂಗಿದ ನರಿ

ಪ್ರವಾಹದಲ್ಲಿ ತೇಲಿಬಂದ ಮರದ ದಿಮ್ಮಿಯೊಂದು ದಡದ ಪಕ್ಕದ ಬಂಡೆಯೇರಿ ತಕ್ಕಡಿಯಂತೆ ಸಮನಾಗಿ ನಿಂತಿತು. ಅದರ ಒಂದು ತುದಿಯಲ್ಲಿ ಒಂದು ನರಿ ಮತ್ತು ಎರಡು ಮೊಲ, ಇನ್ನೊಂದು ತುದಿಯಲ್ಲಿ ಐದು ಮೊಲ. ಕೆಳಗೆ ನೀರು ಭೋರ್ಗರೆಯುತ್ತಿತ್ತು.

“ನಾನು ಹತ್ತು ಮೊಲಕ್ಕೆ ಸಮ. ಮೊದಲು ನಾನೇ ಇಳಿಯುತ್ತೇನೆ,” ಎಂದು ನರಿ ಒಂದು ಹೆಜ್ಜೆ ಮುಂದಿಟ್ಟಿತು. ಐದು ಮೊಲಗಳ ತುದಿ ನೀರಿನತ್ತ ವಾಲಿತು.

“ಹಿಂದೆ ಸರಿ!” ಎಂದು ಆ ತುದಿಯ ಮುದಿ ಮೊಲ ಗದರಿತು. ನರಿ ಹಿಂದೆ ಸರಿದ ಮೇಲೆ ಮುದಿ ಮೊಲವೇ ಹೇಳಿತು, “ಆ ಕಡೆ ಒಂದು ಮೊಲ ಕಡಿಮೆಯಾದರೆ ಈ ಕಡೆಯೂ ಒಂದು ಕಡಿಮೆಯಾಗಬೇಕು. ಇಲ್ಲದಿದ್ದರೆ ಎಲ್ಲರೂ ನೀರುಪಾಲು.”

ಎರಡೂ ತುದಿಯಿಂದ ಒಂದೊಂದು ಮೊಲ ಸಮ ಹೆಜ್ಜೆಯಿಟ್ಟು ನಡುವಿನ ಬಂಡೆಗೆ ಬಂದು ದಡಕ್ಕೆ ಹಾರಿತು. ಮತ್ತೊಂದು ಜೋಡಿಯೂ ಹಾಗೆಯೇ ಪಾರಾಯಿತು. ಈಗ ಆ ಕಡೆ ನರಿಯೊಂದೇ, ಈ ಕಡೆ ಮೂರು ಮೊಲ. ದಿಮ್ಮಿ ಆಗಲೂ ಸಮನಾಗಿಯೇ ಇತ್ತು. ಮುದಿ ಮೊಲ ಅದನ್ನು ಕಣ್ಣಿಟ್ಟು ನೋಡಿತು.

ಆ ನಾಲ್ವರೂ ಒಟ್ಟಿಗೇ ಸಮ ಹೆಜ್ಜೆಯಿಟ್ಟು ದಡ ಸೇರಿದರು. ಕಾಲಿಗೆ ನೆಲ ಸಿಕ್ಕಿದ್ದೇ ತಡ, ನರಿ ಹಲ್ಲು ಮಸೆಯಿತು. ಮೊಲಗಳು ಓಡಲು ತಿರುಗಿದವು.

“ಯಾರೂ ಓಡಬೇಡಿ,” ಎಂದಿತು ಮುದಿ ಮೊಲ. “ಇವನು ಹತ್ತು ಮೊಲವಲ್ಲ, ಮೂರೇ ಮೊಲ. ದಿಮ್ಮಿಯೇ ತೂಗಿ ತೋರಿಸಿತು. ನಾವು ಏಳು ಮಂದಿ ಇದ್ದೇವೆ.”

ಏಳೂ ಮೊಲಗಳು ನರಿಯತ್ತ ತಿರುಗಿ ನಿಂತವು. ನರಿ ಒಮ್ಮೆ ದಿಮ್ಮಿಯ ಕಡೆ ನೋಡಿ, ಬಾಲ ಮುದುರಿಕೊಂಡು ಪೊದೆ ಸೇರಿತು.