ಎರಡು ಓಲೆ, ಒಂದು ತಲೆ

“ಕೇಳ್ರಪ್ಪಾ ಕೇಳಿ! ಅರಿಗಂಡರಾಯರು ಕೇಳುವ ಮೂರು ಒಗಟು ಒಡೆದವನಿಗೆ ಅರ್ಧ ರಾಜ್ಯ! ಯಾರು ಬೇಕಾದರೂ ಬಾಯಿ ಬಿಡಬಹುದು. ತಪ್ಪು ಹೇಳಿದವನ ತಲೆ ಹೋಗುತ್ತೆ!” ಹೀಗೆ ಡಂಗುರ ಹೊಡೆದಾಗ ಬುದ್ಧಿವಂತರೆಲ್ಲ ಅರ್ಧ ರಾಜ್ಯವನ್ನಷ್ಟೇ ಕೇಳಿಸಿಕೊಂಡರು. ತಲೆಯ ವಿಷಯ ಯಾರ ಕಿವಿಗೂ ಬೀಳಲಿಲ್ಲ.

ಕೋಡುಗುಡ್ಡದ ಜುಂಜನಿಗೆ ರಾಜ್ಯ ಬೇಕಿರಲಿಲ್ಲ. ಅವನ ಅಣ್ಣ ಬೀರ ಗಡಿಯ ನಗಾರಿಯವನು. ಆ ಸೀಮೆಯಲ್ಲಿ ಸುದ್ದಿ ಗುಡ್ಡದಿಂದ ಗುಡ್ಡಕ್ಕೆ ನಗಾರಿಯಲ್ಲೇ ಹೋಗುತ್ತಿತ್ತು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ, ಆ ಪಟ್ಟಿ ಬರೆದ ತಾಳೆಗರಿಯ ಓಲೆ ಪ್ರತಿ ನಗಾರಿಯವನ ಹತ್ತಿರವೂ ಇರುತ್ತಿತ್ತು. ಆ ಸಂಖ್ಯೆಯನ್ನು ಗಟ್ಟಿ ಪೆಟ್ಟು, ಮೆಲು ಪೆಟ್ಟುಗಳಲ್ಲಿ ಬಾರಿಸಿದರೆ, ಕೇಳಿದವರು ತಮ್ಮ ಓಲೆ ನೋಡಿ ಮತ್ತೆ ಅಕ್ಷರ ಮಾಡಿಕೊಳ್ಳುತ್ತಿದ್ದರು. ಹೋದ ವರ್ಷ ಶತ್ರು ನುಗ್ಗಿದಾಗ ಬೀರ ‘ದಂಡು ಬಂತು’ ಎಂದು ಬಾರಿಸಿದ. ರಾಜಧಾನಿಯಲ್ಲಿ ಓಲೆ ಹಿಡಿದು ನೋಡಿದರೆ ತಲೆಬುಡವಿಲ್ಲದ ಅಕ್ಷರಗಳು. ದಂಡು ಹೊರಡಲಿಲ್ಲ, ಗಡಿಯ ಕೋಟೆ ಬಿತ್ತು, ಬೀರನನ್ನು ದ್ರೋಹಿಯೆಂದು ಶೂಲಕ್ಕೇರಿಸಿದರು. ಅಂದಿನಿಂದ ಊರವರು ಅವನ ಅವ್ವನ ಮುಖ ನೋಡುವುದನ್ನೂ ಬಿಟ್ಟರು. ಬೀರ ದ್ರೋಹಿಯಲ್ಲ ಎಂಬ ಮಾತು ರಾಜನಿಂದಲೇ ಹೊರಡಬೇಕು. ಅಷ್ಟಕ್ಕಾಗಿ ಜುಂಜ ತಲೆಯೊಡ್ಡಲು ಬಂದಿದ್ದ.

ರಾಜ ಮೊದಲನೆಯದನ್ನು ಕೇಳಿದ. “ಮಾತು ಬಾರದವರು ಇಬ್ಬರು. ಒಬ್ಬ ಜೋರು, ಒಬ್ಬ ಮೆತ್ತಗೆ. ಆದರೂ ಲೋಕದ ಮಾತನ್ನೆಲ್ಲ ಇವರಿಬ್ಬರೇ ಆಡುತ್ತಾರೆ. ಯಾರು?”

“ಗುಡುಗು ಮತ್ತು ಗಾಳಿ, ಪ್ರಭು!” ಎಂದ ಜರಿಪೇಟದ ಪಂಡಿತನೊಬ್ಬ. ಅವನನ್ನು ಪೇಟದ ಸಮೇತ ಎಳೆದೊಯ್ದರು.

“ನಗಾರಿಯ ಗಟ್ಟಿ ಪೆಟ್ಟು, ಮೆಲು ಪೆಟ್ಟು, ಬುದ್ಧಿ,” ಎಂದ ಜುಂಜ ಹಿಂದಿನಿಂದ.

ರಾಜ ಹೌದೆಂದು ತಲೆಯಾಡಿಸಿ ಎರಡನೆಯದನ್ನು ಕೇಳಿದ. “ಎಣಿಸಿದರೆ ಐದು. ನಗಾರಿ ಏರಿದರೆ ಐವತ್ತಮೂರು. ಇಳಿದರೆ ಮತ್ತೆ ಐದು. ಏನದು?”

ಕುದುರೆ ವ್ಯಾಪಾರಿಯೊಬ್ಬ ಮುಂದೆ ನುಗ್ಗಿದ. “ಶತ್ರುಗಳು, ಮಹಾಪ್ರಭು! ಹೆದರಿದವನಿಗೆ ಐದು ಜನ ಐವತ್ತಾಗಿ ಕಾಣ್ತಾರೆ.” ಸಭೆ ನಕ್ಕಿತು, ರಾಜನೂ ನಕ್ಕ. ನಗು ಮುಗಿಯುವ ಮೊದಲೇ ಅವನ ಕತೆ ಮುಗಿಯಿತು.

ಜುಂಜ ಮುಂದೆ ಬಂದ. “ಐದು ಅನ್ನೋ ಅಂಕಿ, ಬುದ್ಧಿ. ಕುರಿ ಎಣಿಸಿದ್ರೆ ಐದು ಐದೇ. ಬರೆದ್ರೆ ಅದೂ ಅಕ್ಷರದ ಹಂಗೇ ಒಂದು ಗುರುತು. ಓಲೆಯಾಗೆ ಅದರ ಸಂಖ್ಯೆ ಐವತ್ತಮೂರು. ನಾವು ಬಾರಿಸೋದು ಐವತ್ತಮೂರು, ಕೇಳಿದವರು ಓದಿಕೊಳ್ಳೋದು ಐದು.”

ರಾಜ ನೆಟ್ಟಗೆ ಕೂತ. “ಹೇಳಿದವನು ಸುಳ್ಳ ಅಲ್ಲ, ಕೇಳಿದವನು ಕಿವುಡ ಅಲ್ಲ, ನಡುವೆ ಒಂದು ಪೆಟ್ಟೂ ತಪ್ಪಲಿಲ್ಲ. ಆದರೂ ಮಾತು ಕೆಟ್ಟಿತು. ಯಾಕೆ?”

ಈ ಸಲ ಯಾರೂ ಬಾಯಿ ಬಿಡಲಿಲ್ಲ. ಆ ಒಗಟು ಜುಂಜನ ಅಣ್ಣನ ಸಾವೇ ಆಗಿತ್ತು.

“ಓಲೆ ಎರಡು, ಬುದ್ಧಿ. ಹೇಳಿದವನದು ಒಂದು, ಕೇಳಿದವನದು ಇನ್ನೊಂದು. ನಿನ್ನೆ ಇಲ್ಲಿ ಕೋಟೆ ಬಾಗಿಲಾಗೆ ತೂಗುಹಾಕಿದ್ದ ನಿಮ್ಮ ಓಲೆ ಕಂಡೆ. ನಿಮ್ಮ ಹೆಸರಿನ ಅಕ್ಷರವೆಲ್ಲ ಸಾಲಾಗಿ ಮೊದಲು ಬರ್ಲಿ ಅಂತ, ಅಂಕಿಗಳನ್ನ ಬಿಟ್ಟು ಮಿಕ್ಕ ಅಕ್ಷರದ ಸಂಖ್ಯೆಯೆಲ್ಲ ಅದಲುಬದಲು ಮಾಡ್ಸಿದೀರಿ. ಹೊಸ ಓಲೆ ನಮ್ಮ ಗುಡ್ಡಕ್ಕೆ ಬರ್ಲೇ ಇಲ್ಲ.”

ರಾಜ ಮೊದಲೇ ಬರೆದಿಟ್ಟಿದ್ದ ಉತ್ತರದ ಮುದ್ರೆ ಒಡೆದು ಮಂತ್ರಿ ಓದಿದ. ಅದೇ ಉತ್ತರ. ಸಭೆ ಭಲೇ ಎಂದಿತು.

“ಒಗಟು ಕಟ್ಟಿದವರಿಗೆ ಉತ್ತರ ಗೊತ್ತಿರುತ್ತಲ್ಲ, ಬುದ್ಧಿ,” ಎಂದ ಜುಂಜ. “ನಿಮಗೆ ಯಾವಾಗ ಗೊತ್ತಾಯ್ತು?”

ರಾಜ ಉಂಗುರ ತಿರುಗಿಸಿದ. “ಶೂಲಕ್ಕೇರಿಸಿದ ಮಾರನೆಯ ದಿನ. ಗೊತ್ತಾಗಿ ನಾನು ಮಾಡುವುದೇನಿತ್ತು?”

“ಒಗಟು ಮಾಡಿದ್ರಿ.”

ಜುಂಜ ಕೈಮುಗಿದ. “ರಾಜ್ಯ ಬ್ಯಾಡ. ಬೀರ ದ್ರೋಹಿಯಲ್ಲ ಅಂತ ನಿಮ್ಮ ಹೆಸರಾಗೆ ಬಾರಿಸಿ, ಸಾಕು.”

“ಅರ್ಧ ರಾಜ್ಯ ಕೊಡುತ್ತೇನೆಂದು ಸಾರಿಸಿದ್ದೆ, ತಗೋ. ತಪ್ಪು ಒಪ್ಪುತ್ತೇನೆಂದು ಎಲ್ಲಿ ಸಾರಿಸಿದ್ದೆ?”

ಜುಂಜ ಕೋಡುಗುಡ್ಡ ಇರುವ ಅರ್ಧವನ್ನು ತೆಗೆದುಕೊಂಡ. ತನ್ನ ಪಾಲಿನ ಎಲ್ಲ ಗುಡ್ಡಗಳಲ್ಲೂ ಹಳೆಯ ಓಲೆಯಂತೆ ‘ಬೀರ ದ್ರೋಹಿಯಲ್ಲ’ ಎಂದು ಬಾರಿಸಿಸಿದ. ಆಮೇಲೆ ಮನೆಗೆ ಹೋದ. ಅವ್ವ ಹೊಸ್ತಿಲಲ್ಲೇ ಕೂತಿದ್ದಳು.

“ಯಾರು ಹೇಳಿದ್ದಪ್ಪ, ರಾಜನಾ?”

“ನಾನೇ ಅವ್ವ. ಈಗ ಇಲ್ಲಿಗೆ ನಾನೇ ರಾಜ.”

“ನನ್ನ ಮಗ ಕೆಟ್ಟವನಲ್ಲ ಅಂತ ನನ್ನ ಇನ್ನೊಬ್ಬ ಮಗ ಹೇಳ್ದ,” ಎಂದಳು ಅವ್ವ. “ಕೊಂದವನು ಹೇಳ್ಲಿಲ್ಲ.”