ಕಂಬಕ್ಕೆ ಬಿದ್ದ ತೆಳು ಹಗ್ಗ

ಒಂದು ಕಾಲದಲ್ಲಿ ದೊಡ್ಡ ಹಡಗುಗಳ ಹಗ್ಗ ಬಿಗಿಯುತ್ತಿದ್ದ ಬಂದರಿನ ಕಬ್ಬಿಣದ ಕಂಬ, ಹೊಳೆಯ ಬಾಯಲ್ಲಿ ಬೆಳೆದು ನಿಂತ ಮರಳಿನ ದಿಬ್ಬವನ್ನು ದಿನವೂ ಬೈಯುತ್ತಿತ್ತು.

"ನೀನು ಅಡ್ಡ ಬಂದೆ. ಹಡಗುಗಳು ಬರುವುದು ನಿಂತಿತು, ಅಂಗಡಿಗಳು ಮುಚ್ಚಿದವು. ಊರು ಹಾಳಾದದ್ದು ನಿನ್ನಿಂದಲೇ."

"ನನ್ನನ್ನು ಇಲ್ಲಿಗೆ ತಂದು ಹಾಕಿದ್ದು ಹೊಳೆ," ಎಂದಿತು ದಿಬ್ಬ. "ಆದರೆ ನಾನು ಬರಿಗೈಯಲ್ಲಿ ಬಂದಿಲ್ಲ. ನನ್ನ ಒಡಲ ತುಂಬ ಚಿಪ್ಪಿಮೀನುಗಳಿವೆ."

"ಚಿಪ್ಪಿಯಿಂದ ಊರು ಬದುಕುತ್ತದೆಯೇ? ನಾನು ಹಡಗು ಹಿಡಿದವನು. ದೋಣಿಯ ಹಗ್ಗ ಮೈಗೆ ತಾಗಿದರೆ ಜಾರಿಸಿಬಿಡುತ್ತೇನೆ!"

ಅಷ್ಟರಲ್ಲಿ ನೀರು ಇಳಿಯಿತು. ಹೆಂಗಸರು ದೋಣಿಯಲ್ಲಿ ಬಂದು ದಿಬ್ಬಕ್ಕಿಳಿದು, ಮರಳನ್ನು ಕಾಲಿನಿಂದಲೇ ತಡಕಿ ಚಿಪ್ಪಿ ಆರಿಸತೊಡಗಿದರು.

"ಮರಿಗಳನ್ನ ವಾಪಸ್ ಮರಳಿಗೇ ಹಾಕ್ರೇ, ಬರೋ ವರ್ಷಕ್ಕೂ ಊರು ಉಣ್ಬೇಕು," ಎಂದು ಅವರಲ್ಲಿ ಹಿರಿಯಳಾದ ಮಂಕಾಳಿ ಗದರಿದಳು.

ಬುಟ್ಟಿಗಳು ತುಂಬಿದ ಮೇಲೆ ಅವರು ಬಂದರಿಗೆ ಮರಳಿದರು. ಮಂಕಾಳಿ ದೋಣಿಯ ಹಗ್ಗವನ್ನು ಕಂಬಕ್ಕೆ ಸುತ್ತಿ ಬಿಗಿದಳು. ಎಷ್ಟೋ ವರ್ಷದಿಂದ ಮುಚ್ಚಿದ್ದ ಒಂದು ಅಂಗಡಿಯ ಬಾಗಿಲು ಆ ಚಿಪ್ಪಿ ಕೊಳ್ಳಲು ತೆರೆಯಿತು.

ದಿಬ್ಬ ಕೇಳಿತು, "ಏನು, ಹಗ್ಗ ಜಾರಿಸಲಿಲ್ಲವೇ?"

"ಮೆಲ್ಲಗೆ ಮಾತಾಡು," ಎಂದಿತು ಕಂಬ. "ದೋಣಿಗೆ ಕೇಳಿಸೀತು."