ದೀಪದ ಆಚೆ ತುದಿ

"ಗುರುಗಳೇ, ಇನ್ನೊಬ್ಬರು ಎತ್ತಿ ತೋರಿಸುವ ಮೊದಲೇ ನನ್ನ ತಪ್ಪು ನನಗೆ ಕಾಣಬೇಕಾದರೆ ಏನು ಸಾಧನೆ ಮಾಡಲಿ?" ಎಂದು ಶಿಷ್ಯ ಚನ್ನವೀರ ಕೇಳಿದ. ಬೆಳಗಿನ ಪಾಠದಲ್ಲಿ ಸಹಪಾಠಿಯೊಬ್ಬ ಎಲ್ಲರೆದುರು ಅವನನ್ನು ತಿದ್ದಿದ್ದ. ಆ ಉರಿ ಇನ್ನೂ ಆರಿರಲಿಲ್ಲ.

ಗುರುಗಳು ನಕ್ಕು ಈ ಕತೆ ಹೇಳಿದರು.

ಒಬ್ಬ ದೀಪಗಾರನಿದ್ದ. ಗಾಜಿನ ಕೊಳವೆಯನ್ನು ಬೆಂಕಿಯಲ್ಲಿ ಬಗ್ಗಿಸಿ, ಒಳಗೆ ನಿಯಾನ್ ಅನಿಲ ತುಂಬಿ, ಅಂಗಡಿಗಳ ಹೆಸರು ಬೆಳಗಿಸುವುದು ಅವನ ಕಸುಬು. ಖಾನಾವಳಿ ನಡೆಸುವ ಮುದುಕಿಯೊಬ್ಬಳು ಅವನಿಂದ ಆಳುದ್ದದ ದೀಪ ಮಾಡಿಸಿದಳು. ಎಂಟೇ ದಿನಕ್ಕೆ ಅದರ ಒಂದು ತುದಿ ಕಪ್ಪಾಗಿ ಬೆಳಕು ನಡುಗತೊಡಗಿತು. ಮತ್ತೊಂದು ಮಾಡಿಕೊಟ್ಟ. ಅದೂ ಹಾಗೇ ಆಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈತನೂ ಅನಿಲವನ್ನು ಬೈದ, ಗಾಜನ್ನು ಬೈದ, ಟ್ರಾನ್ಸ್‌ಫಾರ್ಮರ್ ಬದಲಿಸಿದ. ಕೊನೆಗೆ ತನ್ನ ಕೈಯ ಮೇಲೇ ನಂಬಿಕೆ ಹೋಯಿತು. ಮೂರನೆಯದೂ ಕೆಟ್ಟರೆ ಕಸುಬು ಬಿಡುವುದೆಂದು ನಿಶ್ಚಯಿಸಿದ.

ಮೂರನೆಯದನ್ನು ಮಾಡುವ ದಿನ ಮುದುಕಿಯೂ ಬಂದು ಅವನ ಕೆಲಸದ ಮೇಜಿನ ಆಚೆ ಬದಿಗೆ ಕುಳಿತಳು. ಅನಿಲ ತುಂಬುವ ಮುನ್ನ ಕೊಳವೆಗೆ ಜೋರಾಗಿ ಕರೆಂಟ್ ಹರಿಸಿ, ಎರಡು ತುದಿಯ ಲೋಹದ ಎಲೆಕ್ಟ್ರೋಡ್‌ಗಳೂ ಕೆಂಪಗೆ ಕಾಯುವಂತೆ ಮಾಡಿ ಒಳಗಿನ ಕಲ್ಮಷ ಕಳೆಯಬೇಕು. ದೀಪಗಾರ ಅವಳಿಗೂ ಅದನ್ನು ವಿವರಿಸಿದ. ತನ್ನ ಕಡೆಯದು ಕೆಂಪಾದೊಡನೆ ಸ್ವಿಚ್ಚಿಗೆ ಕೈ ಹಾಕಿದ.

"ತಡಿ ತಮ್ಮಾ, ಈ ಕಡೀದು ಇನ್ನೂ ಕರ್ರಗ ಐತಲ್ಲ!" ಎಂದಳು ಮುದುಕಿ.

ದೀಪಗಾರ ಕರೆಂಟ್ ನಿಲ್ಲಿಸಿ ಸುತ್ತಿ ಬಂದು ನೋಡಿದ. ಚಿಕ್ಕ ದೀಪಗಳಾದರೆ ಎರಡೂ ತುದಿ ನಿಂತಲ್ಲಿಂದಲೇ ಕಾಣುತ್ತಿದ್ದವು. ಇದರ ಆಚೆ ತುದಿ, ಕೊಳವೆಯ ಗಾಳಿ ಎಳೆಯುವ ಪಂಪಿನ ಮರೆಯಲ್ಲಿತ್ತು. ಈಚೆಯದು ಕೆಂಪಾದರೆ ಆಚೆಯದೂ ಆದಂತೆಯೇ ಎಂದು ಆತ ನಂಬಿದ್ದ. ಹಿಂದಿನ ಎರಡೂ ದೀಪ ಕಪ್ಪಾಗಿದ್ದು ಆ ತುದಿಯಲ್ಲೇ. ಮತ್ತೆ ಕರೆಂಟ್ ಹರಿಸಿದ. ಈ ಸಲ ಮುದುಕಿ "ಆತು" ಎನ್ನುವವರೆಗೆ ಕೈ ತಡೆದ.

ಆ ದೀಪ ವರ್ಷ ಕಳೆದರೂ ನಡುಗಲಿಲ್ಲ. ದೀಪಗಾರನಿಗೆ ಹೋದ ಜೀವ ಬಂದಂತಾಯಿತು. ಖಾನಾವಳಿಗೆ ಹೋಗಿ ಮುದುಕಿಯ ಕಾಲು ಮುಟ್ಟಿ, "ನನ್ನ ಕಸಬ ಉಳಿಸಿದಿ ಯವ್ವಾ," ಎಂದು ಕಣ್ಣೀರು ಹಾಕಿದ. "ನಾ ಏನ್ ಮಾಡೇನಪಾ, ಸುಮ್ನ ಕುಂತಿದ್ದೆ," ಎಂದು ಅವಳು ಅವನಿಗೆ ರೊಟ್ಟಿ ಬಡಿಸಿದಳು.

ಕತೆ ಕೇಳಿದ ಚನ್ನವೀರ, "ಅಲ್ಲೊಂದು ಕನ್ನಡಿ ಇಟ್ಟುಕೊಂಡಿದ್ದರೆ ಸಾಕಿತ್ತಲ್ಲ, ಗುರುಗಳೇ? ಯಾರ ಹಂಗೂ ಇರುತ್ತಿರಲಿಲ್ಲ," ಎಂದ.

"ಅದು ಅವನಿಗೂ ಹೊಳೆದಿತ್ತು, ಮಗು, ಆದರೂ ಆತ ಮೇಜಿನ ಆಚೆ ಬದಿಗೆ, ಬಂದವರು ಕೂರಲೆಂದು, ಒಂದು ಕುರ್ಚಿ ಹಾಕಿಸಿದ."